ಕ್ಯಾಲೆಂಡರ್ ಓದುವ ಸರೋಜಮ್ಮ

ಸರೋಜಮ್ಮ ಯಾರ ಮನೆಗೆ ಬಂದರೂ ‘ಚೆನ್ನಾಗಿದ್ದೀರಾ’ ಎಂದು ಕೇಳಿದವರಲ್ಲ. ಚಪ್ಪಲಿ ಬಿಟ್ಟವರೇ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಓದತೊಡಗುತ್ತಿದ್ದರು. ಹಾಲು ಬರದ ದಿನ, ಗ್ಯಾಸ್ ಬುಕ್ ಮಾಡಿದ್ದು, ಅಕ್ಕಿಪೇಟೆಯ ನೆಂಟರ ನಾಮಕರಣ, ಒಂದನ್ನೂ ಬಿಡುತ್ತಿರಲಿಲ್ಲ. ಅವರು ನಮ್ಮ ಚಾಮರಾಜಪೇಟೆಯ ಆರೋಗ್ಯ ಸಹಾಯಕಿ. ಬೀದಿಯಲ್ಲಿ ನಾಲ್ಕು ಜನಕ್ಕೆ ಒಂದೇ ಕಾಯಿಲೆ ಬಂದರೆ ಅದರ ಮೂಲ ಪತ್ತೆ ಹಚ್ಚುವುದು ಅವರ ಕೆಲಸ.

“ಜನ ಮರೀತಾರೆ, ಕ್ಯಾಲೆಂಡರ್ ಮರೆಯಲ್ಲ ಕಣ್ರೀ” ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯ ಏಳೆಂಟು ಜನಕ್ಕೆ ಕಾಮಾಲೆ ಬಂತು. ಮೂಲ ಹುಡುಕುವ ಕಷ್ಟವೇ ನಮಗಿರಲಿಲ್ಲ. ಮೂಲೆಯಲ್ಲಿ ಸಿದ್ದರಾಜುವಿನ ಮಸಾಲೆಪುರಿ ಗಾಡಿ ಇತ್ತಲ್ಲ. ಅದನ್ನು ಎತ್ತಿಸಬೇಕೆಂದು ಅರ್ಜಿ ಬರೆದೆವು. ಮೊದಲ ಸಹಿ ನನ್ನದೇ. ಪಾಪ, ಅವನು ಗಾಡಿ ನಿಲ್ಲಿಸಿ ಮನೆಯಲ್ಲಿ ಕೂತ.

ಸರೋಜಮ್ಮ ಅರ್ಜಿ ಹಿಡಿದುಕೊಂಡೇ ಮನೆಮನೆಗೆ ಬಂದರು. “ಈ ಕಾಯಿಲೆ ಒಳಗೆ ಹೋಗಿ ಹೆಚ್ಚುಕಮ್ಮಿ ತಿಂಗಳು ಕೂತು ಆಮೇಲೆ ಕಾಣಿಸ್ಕೊಳ್ಳತ್ತೆ. ಮೊನ್ನೆ ತಿಂದ ಪುರಿ ಮೇಲೆ ಯಾಕ್ರೀ ಕೋಪ? ತಿಂಗಳ ಹಿಂದೆ ಹೊರಗಡೆ ಏನ್ ತಿಂದ್ರಿ?”

ಪಕ್ಕದ ಮನೆಯ ಪದ್ಮಮ್ಮನಿಗೆ ಕಣ್ಣೆಲ್ಲ ಅರಿಶಿನವಾಗಿತ್ತು. ಆದರೂ ರೋಷ ಕಮ್ಮಿಯಿರಲಿಲ್ಲ. “ಹೊರಗಡೇದು ನಾವು ಮುಟ್ಟೋದೇ ಇಲ್ಲ.”

ಸರೋಜಮ್ಮ ಗೋಡೆಯ ಕ್ಯಾಲೆಂಡರಿನ ಹಿಂದಿನ ಹಾಳೆ ತಿರುವಿದರು. “ರಾಮನವಮಿ ಮಜ್ಜಿಗೆ ಕುಡಿದ್ರಾ?”

“ಅದು ಪ್ರಸಾದ ರೀ.”

ಇಡೀ ಬೀದಿಯದು ಇದೇ ಉತ್ತರ. ಪ್ರಸಾದವನ್ನು ನಾವ್ಯಾರೂ ಹೊರಗಿನ ತಿಂಡಿಯೆಂದು ಎಣಿಸಿಯೇ ಇರಲಿಲ್ಲ. ಕಾಯಿಲೆ ಬಿದ್ದವರೆಲ್ಲ ಆ ಮಜ್ಜಿಗೆ ಕುಡಿದವರು. ಅಂದು ಮೈಸೂರಿಗೆ ಹೋಗಿದ್ದ ಪದ್ಮಮ್ಮನ ಗಂಡ ಗುಂಡುಕಲ್ಲಿನಂತೆ ಓಡಾಡುತ್ತಿದ್ದರು. ಮಜ್ಜಿಗೆ ಕಡೆದವಳು ನಾನು, ನೀರು ನಮ್ಮ ಮನೆಯ ಸಂಪಿನದು. ಮನೆಯವರಿಗೆ ಕುದಿಸಿಯೇ ಕೊಡುತ್ತಿದ್ದೆ, ಅಂದು ಮಾತ್ರ ಹಾಗೇ ಸುರಿದಿದ್ದೆ.

ಸರೋಜಮ್ಮ ಸಂಪಿನ ಮುಚ್ಚಳ ತೆಗೆಸಿ, ಬಗ್ಗಿ ನೋಡಿ, ನೀರನ್ನು ಪರೀಕ್ಷೆಗೆ ಕಳಿಸಿದರು. ಪಕ್ಕದ ಒಳಚರಂಡಿ ಪೈಪು ಸೀಳಿ ಕೊಳಕು ಒಳಗೆ ಜಿನುಗುತ್ತಿತ್ತು. ಸಂಪು ಖಾಲಿ ಮಾಡಿಸಿ, ತೊಳೆಸಿ, ಪೈಪು ಬದಲಿಸುವವರೆಗೆ ಅವರು ಬಿಡಲಿಲ್ಲ.

“ಮೇಡಂ, ಬೀದೀಲಿ ನನ್ನ ಹೆಸರು ಹೇಳ್ಬೇಡಿ” ಎಂದು ಅಂಗಲಾಚಿದೆ.

“ನಾನು ಹೇಳಲ್ಲಮ್ಮ. ಎಲ್ಲಿಂದ ಬಂತು ಅನ್ನೋದಷ್ಟೇ ನನಗೆ ಬೇಕು.” ಬ್ಯಾಗಿನಿಂದ ಅರ್ಜಿ ತೆಗೆದು ನನ್ನ ಸಹಿಯ ಮೇಲೆ ಬೆರಳಿಟ್ಟರು. “ಅಕ್ಷರ ದುಂಡಗಿದೆ. ಚೆನ್ನಾಗಿ ಬರೀತೀರಿ.” ಅಷ್ಟು ಹೇಳಿ ಹೊರಟೇಹೋದರು.

ಆ ಸಂಜೆ ಅರ್ಜಿಗೆ ಸಹಿ ಹಾಕಿದವರನ್ನೆಲ್ಲ ಕರೆದು, ಸಿದ್ದರಾಜುವಿನ ಎದುರೇ ಒಪ್ಪಿಕೊಂಡೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಬಿಡಿ ಅಕ್ಕ” ಎಂದ ಅವನು. “ನಿಮ್ಮ ಮಜ್ಜಿಗೆ ನಾನೂ ಎರಡು ಲೋಟ ಕುಡ್ದಿದ್ದೆ. ನನಗೇನೂ ಆಗ್ಲಿಲ್ಲ.” ಮರುದಿನ ಗಾಡಿ ಮೂಲೆಗೆ ಬಂತು.

ಮುಂದಿನ ರಾಮನವಮಿಗೂ ಹಟ ಹಿಡಿದು ಮಜ್ಜಿಗೆ ಮಾಡಿದೆ. ಜನ ಪಾನಕ ಕುಡಿದು, ಕೋಸಂಬರಿ ತಿಂದು, ನನ್ನ ಮಜ್ಜಿಗೆಯ ಕೊಳದಪ್ಪಲೆಯನ್ನು ದೂರದಿಂದಲೇ ನೋಡಿ ಹೋಗುತ್ತಿದ್ದರು. ಅಷ್ಟರಲ್ಲಿ ಸರೋಜಮ್ಮ ಬಂದರು. ಅವರಿಗೆ ವರ್ಗವಾಗಿತ್ತು, ಹೇಳಿ ಹೋಗಲು ಬಂದಿದ್ದರು.

“ನೀರು?”

“ಕುದಿಸಿ ಆರಿಸಿದ್ದು.”

ಒಂದೇ ಉಸಿರಿಗೆ ಕುಡಿದು, ಎಲ್ಲರಿಗೂ ಕಾಣುವಂತೆ ಲೋಟ ಚಾಚಿದರು. “ಇನ್ನೊಂದು ಹಾಕಿ.” ಅವರ ಹಿಂದೆ ಪದ್ಮಮ್ಮ ಬಂದು ನಿಂತರು, ಆಮೇಲೆ ಉಳಿದವರು.

ಹೊರಡುವ ಮುಂಚೆ ಒಳಗೆ ಬಂದು, ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಏನೋ ಬರೆದರು. “ತಿಂಗಳು ಬಿಟ್ಟು ನನಗೇನಾದ್ರೂ ಆದ್ರೆ ಬೇಕಾಗತ್ತೆ” ಎಂದು ನಕ್ಕರು.

ಅವರನ್ನು ಮತ್ತೆ ನೋಡಿಲ್ಲ. ಕ್ಯಾಲೆಂಡರುಗಳು ಎಷ್ಟೋ ಬದಲಾಗಿವೆ. ಆ ಒಂದು ಹಾಳೆ ಮಾತ್ರ ಇನ್ನೂ ಗೋಡೆಯ ಮೇಲಿದೆ: ‘ಮಜ್ಜಿಗೆ, ಎರಡು ಲೋಟ. ಸರೋಜಮ್ಮ.’