ಕೈ ಬಿಟ್ಟಿತ್ತು, ಬ್ರೇಕ್ ಬಿಟ್ಟಿರಲಿಲ್ಲ

ವೈನಿ, ಅವತ್ತು ನೀನು ಬ್ರೇಕ್ ಬಿಟ್ಟಿದ್ದೆ. ಬಿಡದೆ ಹಿಡಿದುಕೊಂಡದ್ದು ಗಾಡಿ. ಗಾಡಿಯನ್ನು ಹಾಗೆ ಮಾಡಿದವಳು ನಾನು — ನಿನ್ನ ಗಂಡನ ತಂಗಿ, ನಿನ್ನ ನಮೂ. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ.

ಇವತ್ತು ಇದನ್ನು ಬರೆಯುವಂತೆ ಮಾಡಿದ್ದು ನಿನ್ನ ಮಗಳು. ಮೊನ್ನೆ ಸಂಜೆ ಅಂಗಳದಲ್ಲಿ ನಿಂತ ನನ್ನ ಸ್ಕೂಟರ್ ಮೇಲೆ ಹತ್ತಿ ಕೂತು, ಹ್ಯಾಂಡಲ್ ಅತ್ತಿತ್ತ ತಿರುಗಿಸುತ್ತ ಅವಳು ಕೇಳಿದಳು, “ಅಮ್ಮಾ, ನಿಂಗೆ ಗೇರ್ ಗಾಡಿ ಹೊಡೂಕೆ ಬರ್ತಿತ್ತಂತೆ, ಹೌದಾ?” ನೀನು ಬಂಗಡೆ ಮೀನು ಸ್ವಚ್ಛ ಮಾಡುತ್ತಿದ್ದೆ. ತಲೆ ಎತ್ತದೆ ನಕ್ಕುಬಿಟ್ಟೆ. “ಎಲ್ಲಿ ಬರೂದು ಮಗಾ. ನಂಗೆ ಬ್ರೇಕ್ ಹಿಡೂಕೆ ಮಾತ್ರ ಬರ್ತಿತ್ತು, ಬಿಡೂಕೆ ಬರ್ತಿರ್ಲಿಲ್ಲ.” ಅಣ್ಣ ನಕ್ಕ, ನಮ್ಮನ್ನು ಹೆತ್ತ ಆಯಿ ನಕ್ಕಳು. ನಾನೂ ನಕ್ಕೆ, ವೈನಿ.

ಎಲ್ಲಿಂದ ಶುರು ಮಾಡಲಿ... ನೀನು ಮದುವೆಯಾಗಿ ಮಾಜಾಳಿಗೆ ಬಂದ ಎರಡನೆಯ ಬೇಸಿಗೆ. ಶೆಟಗೇರಿಯ ತವರಿಗೆ ಬಸ್ಸು ಬದಲಿಸಿ ಬದಲಿಸಿ ಹೋಗುವುದು ನಿನಗೆ ಸಾಕಾಗಿತ್ತು. ಸ್ವಂತ ಗಾಡಿಯಲ್ಲಿ ಕಾಳಿ ಸೇತುವೆ ದಾಟಿ, ಕಾರವಾರ ದಾಟಿ, ಅಂಕೋಲೆಯ ರಸ್ತೆ ಹಿಡಿದು, ಅಪ್ಪನ ಮನೆಯ ಅಂಗಳದಲ್ಲಿ ಹಾರ್ನ್ ಹೊಡೆಯಬೇಕು. ಬರುವಾಗ ಒಂದು ಚೀಲ ಇಶಾಡ ಮಾವಿನಹಣ್ಣು ಹಿಂದೆ ಕಟ್ಟಿಕೊಂಡು ಬರಬೇಕು — ಇಷ್ಟೇ ನಿನ್ನ ಆಸೆ. ಅದನ್ನು ನೀನು ಎಷ್ಟು ಸಲ ಹೇಳಿದ್ದೆಯೆಂದರೆ, ಆ ಹಣ್ಣಿನ ವಾಸನೆ ಆಗಲೇ ನಮ್ಮ ಮನೆಗೆ ಬಂದುಬಿಟ್ಟಿತ್ತು.

ಅಣ್ಣ ಸ್ಕೂಟರ್ ಅಂದ. ನೀನು ಸಣ್ಣ ಬೈಕೇ ಬೇಕೆಂದೆ. ಹೆದ್ದಾರಿ ಅಗೆದು ಹಾಕಿದ್ದ ಕಾಲ, ಹೊಂಡಕ್ಕೆ ದೊಡ್ಡ ಚಕ್ರವೇ ಒಳ್ಳೆಯದು ಎಂಬುದು ನಿನ್ನ ವಾದ. ಹಳೆಯ ಗಾಡಿ ಮಾರುವ ಅಂಗಡಿಯಲ್ಲಿ ಒಂದೊಂದರ ಮೇಲೂ ಕೂತು, ಎರಡೂ ಹಿಮ್ಮಡಿ ನೆಲಕ್ಕೆ ತಾಗುತ್ತದೆಯೇ ಎಂದು ನೋಡಿದೆ. ಕೊನೆಗೆ ಒಂದು ಕಪ್ಪು ಗಾಡಿಯನ್ನು ತೋರಿಸಿ, “ಇದನ್ನ ಒಂದ್ಸಲ ಅಡ್ಡ ಮಲಗ್ಸಿ” ಎಂದೆ. ಅಂಗಡಿಯವನು ಕಕ್ಕಾಬಿಕ್ಕಿ. “ಬಿದ್ರೆ ನಾನೇ ಎತ್ಬೇಕಲ್ಲ” ಎಂದು ಸೆರಗು ಸಿಕ್ಕಿಸಿ ಅದನ್ನು ಎತ್ತಿ ನಿಲ್ಲಿಸಿದೆ. ನಾನು ಅವತ್ತೇ ನಿನ್ನ ಭಕ್ತೆಯಾದೆ. ಭಕ್ತಿಯೊಳಗೆ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ನಿನಗೆ ಲೈಸೆನ್ಸ್ ಬಂದಮೇಲೂ ಗಾಡಿಯ ಮುಂದಿನ ಕೆಂಪು ‘ಎಲ್’ ತೆಗೆಯಲಿಲ್ಲ. “ಇರ್ಲಿ ಬಿಡೇ, ಅದನ್ನ ನೋಡಿ ಲಾರಿಯವ್ರು ಸ್ವಲ್ಪ ದೂರ ಹೋಗ್ತಾರೆ” ಅನ್ನುತ್ತಿದ್ದೆ. ಪ್ರತಿ ಭಾನುವಾರ ಹಳೆಯ ಸೀರೆಯ ತುಂಡು, ಸೀಮೆಎಣ್ಣೆ, ಬಾವಿಯ ನೀರು. ಕಡಲ ಗಾಳಿ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ ಎಂದು ಚೈನು ಒರೆಸುತ್ತ, ಅದರ ಸಡಿಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ನನ್ನನ್ನೂ ನಿಂತ ಗಾಡಿಯ ಮೇಲೆ ಕೂರಿಸಿ ಕ್ಲಚ್ಚು, ಗೇರು ಹೇಳಿಕೊಟ್ಟೆ. ಓಡಿಸಲು ಮಾತ್ರ ಕೊಡಲಿಲ್ಲ — “ನಂಗೇ ಇನ್ನೂ ಸರಿ ಬರೂದಿಲ್ಲ, ನಿನ್ನ ಬೀಳ್ಸಿದ್ರೆ?”

ಆಮೇಲೆ ನಿನ್ನ ಅಮ್ಮನ ಕಣ್ಣಿನ ಆಪರೇಷನ್ ಎಂದು ನೀನು ಬಸ್ಸಿನಲ್ಲೇ ಶೆಟಗೇರಿಗೆ ಹೋದೆ. ಹೋಗುವಾಗ ಕೀಲಿಕೈ ನನ್ನ ಕೈಗೆ ಕೊಟ್ಟೆ. “ಆಗಾಗ ಚಾಲೂ ಮಾಡಿ ಇಡು, ಬ್ಯಾಟರಿ ಸಾಯೂದು ಬೇಡ. ಕಡಲ ಬದಿಗೆ ಮಾತ್ರ ಒಯ್ಬೇಡ ಮಾರಾಯ್ತಿ.”

ಒಯ್ದೆ.

ಬೆಳಗಿನ ಜಾವ ಗಾಡಿಯನ್ನು ಕಡಲ ದಂಡೆಯ ಗಾಳಿಮರಗಳವರೆಗೆ ನೂಕಿಕೊಂಡು ಹೋಗಿ ಅಲ್ಲಿ ಕಿಕ್ ಹೊಡೆದೆ. ಇಳಿತದ ಹೊತ್ತು, ಕಡಲು ಎಷ್ಟೋ ದೂರ ಸರಿದಿತ್ತು. ಒದ್ದೆ ಮರಳು ಸಗಣಿ ಸಾರಿಸಿದ ಅಂಗಳದ ಹಾಗೆ ಗಟ್ಟಿಯಾಗಿ, ನುಣ್ಣಗೆ, ಮೈತುಂಬ ಆಕಾಶ ಹೊತ್ತುಕೊಂಡು ಬಿದ್ದಿತ್ತು. ಮೊದಲನೆಯ ಗೇರಿನಲ್ಲಿ ಎರಡು ಸಲ ಗಕ್ಕನೆ ನಿಂತಿತು. ಮೂರನೆಯ ಸಲ ನಿಲ್ಲಲಿಲ್ಲ. ಎರಡನೆಯ ಗೇರು... ಆಮೇಲೆ ಸದ್ದೇ ಕೇಳಿಸಲಿಲ್ಲ, ಅಥವಾ ಕೇಳಿಸಿದ್ದು ನನ್ನೊಳಗೇ. ದೋಣಿಗಳು, ಹರಡಿದ ಬಲೆ, ಮಂಜಿನಾಚೆ ಗುಡ್ಡ ಎಲ್ಲ ನಿಧಾನಕ್ಕೆ ನನ್ನ ಪಕ್ಕದಿಂದ ಹಿಂದಕ್ಕೆ ತೇಲಿ ಹೋಗುತ್ತಿದ್ದವು. ಗಾಡಿ ಓಡುತ್ತಿದೆಯೋ, ನಾನಿನ್ನೂ ಚಾಪೆಯ ಮೇಲೆ ನಿದ್ದೆಯಲ್ಲಿ ಇದ್ದೇನೋ ಎಂದು ಅನುಮಾನ. ಬೇಕೆಂದೇ ನೀರಿನ ಅಂಚಿಗೆ ಇಳಿಸಿದೆ. ಅಲೆ ಬಂದು ಚಕ್ರದ ಅರ್ಧಕ್ಕೆ ಏರಿತು, ನೊರೆ ಮೊಣಕಾಲಿಗೆ ಹಾರಿತು, ನಾನು ಒಬ್ಬಳೇ ಕಿರುಚಿ ನಕ್ಕೆ. ನನ್ನ ಬದುಕಿನಲ್ಲಿ ಅಷ್ಟು ಚಂದದ ಬೆಳಗು ಮತ್ತೆ ಬಂದಿಲ್ಲ. ಇದನ್ನು ನಿನಗೆ ಹೇಳಲು ನಾಚಿಕೆಯಾಗುತ್ತದೆ — ಆದರೆ ಸುಳ್ಳು ಸಾಕು.

ಮನೆಯ ಬಾವಿಯ ರಾಟೆ ಕಿರ್ರೆಂದರೆ ಆಯಿ ಎದ್ದು ಬರುತ್ತಾಳೆಂದು ದಾರಿಯ ಹಳ್ಳದಲ್ಲೇ ಗಾಡಿ ತೊಳೆದೆ. ಭರತ ಬಂದು ಕಡಲು ಉಬ್ಬಿದಾಗ ನೀರು ಒಳಗೆ ನುಗ್ಗುವ ಹಳ್ಳ ಅದು. ಅದರ ನೀರೂ ಉಪ್ಪೇ. ಮಾಜಾಳಿಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನೋಡಲು ಮರಳು ಹೋದರೆ ಸಾಕಿತ್ತು ನನಗೆ. ಚೈನಿಗೆ ಅಡುಗೆಮನೆಯ ತೆಂಗಿನೆಣ್ಣೆ ಸವರಿ, ಇದ್ದಲ್ಲೇ ತಂದು ನಿಲ್ಲಿಸಿ ಚಾದರ ಹೊದೆಸಿದೆ.

ಕೆಲವು ದಿನಗಳ ಮೇಲೆ ನೀನು ಬಂದೆ. ಚೈನು ಮೂಸಿ ನೋಡಿ, “ಎಂತದೇ ಇದು, ಗಾಡಿಗೆ ತಲೆಗೆ ಎಣ್ಣೆ ಹಾಕಿ ಜಡೆ ಹೆಣೀಲಿಕ್ಕೆ ಹೊರಟಿದ್ಯಾ?” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಗ ಹೇಳಬಹುದಿತ್ತು. ಆಮೇಲೆ ಮುಂದಿನ ಬ್ರೇಕ್ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದೆ. “ಸ್ವಲ್ಪ ಗಡಸು ಆಗಿದ್ಯಲ್ಲೇ ನಮೂ?”

“ಓಡಿಸ್ದೇ ಇಟ್ರೆ ಹಾಂಗೇ ಆಗ್ತದೆ ವೈನಿ” ಎಂದೆ. ನೀನು ನಂಬಿದೆ.

ಕಣ್ಣು ಸರಿಯಾದ ಅಮ್ಮನಿಗೆ ಗಾಡಿ ತೋರಿಸುತ್ತೇನೆಂದು ಮರುದಿನ ಬೆಳಿಗ್ಗೆಯೇ ನೀನು ಅದರ ಮೇಲೆ ಮತ್ತೆ ಶೆಟಗೇರಿಗೆ ಹೊರಟೆ — ಮೊದಲ ಸಲ, ಒಬ್ಬಳೇ. ಆಯಿ ಗಾಡಿಗೆ ಹೂ ಸಿಕ್ಕಿಸಿದಳು. ಹಿಂದಿನ ಸೀಟಿಗೆ ಖಾಲಿ ಚೀಲ ಕಟ್ಟಿದ್ದು ನಾನು. ನೀನು ಕಾಳಿ ಸೇತುವೆಯನ್ನೂ ತಲುಪಲಿಲ್ಲ. ಸದಾಶಿವಗಡದ ಇಳಿಜಾರಿನಲ್ಲಿ ನಾಯಿ ಅಡ್ಡ ಬಂತು, ನೀನು ಬ್ರೇಕ್ ಹಿಡಿದೆ, ನಾಯಿ ದಾಟಿತು, ನೀನು ಬ್ರೇಕ್ ಬಿಟ್ಟೆ. ಒಳಗೆ ಉಪ್ಪು ತಿಂದು ತುಕ್ಕು ಹಿಡಿದದ್ದು ಬಿಡಲಿಲ್ಲ. ಮುಂದಿನ ಚಕ್ರ ನಿಂತೇಬಿಟ್ಟಿತು, ನೀನು ರಸ್ತೆಯ ಮೇಲೆ. ಬಲಗೈ ಮುರಿಯಿತು. ಆಸ್ಪತ್ರೆಯಲ್ಲಿ ಬಂದವರಿಗೆಲ್ಲ ನೀನು ಹೇಳಿದ್ದು ಒಂದೇ ಮಾತು: “ನಾ ಬಿಟ್ಟೆ, ಅದು ಬಿಡ್ಲಿಲ್ಲ.”

ಇಲ್ಲಿಯವರೆಗಿನದು ಹುಡುಗಾಟ ಎನ್ನಬಹುದಿತ್ತೇನೋ. ಇನ್ನು ಬರೆಯುವುದು ಹಾಗಲ್ಲ.

ಅಣ್ಣ ಗಾಡಿಯನ್ನು ಟೆಂಪೋದಲ್ಲಿ ಹಾಕಿ ಮನೆಗೆ ತಂದ. ನಾಳೆ ಬ್ರೇಕ್ ನೋಡುತ್ತೇನೆಂದು ಹೇಳಿ ಆಸ್ಪತ್ರೆಗೆ ವಾಪಸಾದ. ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಅಂಗಳಕ್ಕೆ ಇಳಿದು ಬ್ರೇಕ್ ಒತ್ತಿದೆ, ಬಿಟ್ಟೆ. ಚಕ್ರ ಹಿಡಿದುಕೊಂಡೇ ಇತ್ತು. ಸುಮ್ಮನೆ ಹಾಗೇ ಬಿಟ್ಟು ಒಳಗೆ ಹೋಗಿದ್ದರೂ ಸಾಕಿತ್ತು, ವೈನಿ — ಮರುದಿನ ಅಣ್ಣನಿಗೇ ಗೊತ್ತಾಗುತ್ತಿತ್ತು, ನಿನ್ನ ಮಾತು ನಿಲ್ಲುತ್ತಿತ್ತು. ನಾನು ಎಣ್ಣೆ ತಂದೆ. ಚಕ್ರದ ಹತ್ತಿರ ಬ್ರೇಕಿನ ಕಬ್ಬಿಣ ತಿರುಗುವಲ್ಲಿ ಸುರಿದೆ. ಒತ್ತಿದೆ, ಎಳೆದೆ, ಒತ್ತಿದೆ, ಎಳೆದೆ... ಅದು ಸರಾಗವಾಗಿ ಹೋಗಿ ಬರುವವರೆಗೆ. ಕೈ ತೊಳೆದು ನಿನಗೆ ಗಂಜಿ ಮಾಡಿದೆ.

ಮರುದಿನ ಅಣ್ಣ ಗಾಡಿಯನ್ನು ಅಂಗಳದಲ್ಲಿ ನೂಕಿ, ಬ್ರೇಕ್ ಹಿಡಿದು ಬಿಟ್ಟು ನೋಡಿದ. ಆಮೇಲೆ ಆಸ್ಪತ್ರೆಯಲ್ಲಿ ನಿನ್ನ ಮಂಚದ ಬದಿಗೆ ಕೂತು ಸಮಾಧಾನದಲ್ಲೇ ಹೇಳಿದ, “ಬ್ರೇಕ್ ಸರಿ ಉಂಟು. ನೀ ಹೆದ್ರಿ ಹಿಡ್ಕೊಂಡೇ ಇದ್ದೆ, ಅಷ್ಟೇ.” ನಾನು ಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲಿದ್ದೆ. ನೀನು ಪ್ಲಾಸ್ಟರಿನ ಹೊರಗೆ ಕಾಣುವ ನಿನ್ನ ಬೆರಳುಗಳನ್ನೇ ತುಂಬ ಹೊತ್ತು ನೋಡಿದೆ. ಆಮೇಲೆ, “ಇರ್ಬಹುದು” ಎಂದೆ.

ಆ ಒಂದು ಮಾತು. ಅಲ್ಲಿಂದ ಮುಂದೆ ನೀನು ‘ಅದು ಬಿಡ್ಲಿಲ್ಲ’ ಎಂದು ಯಾರಿಗೂ ಹೇಳಲಿಲ್ಲ. ಗಾಡಿ ಮಾರಿ ಹೋಯಿತು. ನಿನ್ನ ಕೈಯ ಮೇಲಿನ ನಂಬಿಕೆ ನಿನಗೇ ಹೋಯಿತು; ತೆಗೆದವಳು ನಾನು.

ಈಗ ನಾನು ದಿನಾ ಸ್ಕೂಟರ್ ಮೇಲೆ ಸೇತುವೆ ದಾಟಿ ಕೆಲಸಕ್ಕೆ ಹೋಗುತ್ತೇನೆ. ಮಾವಿನ ಕಾಲದಲ್ಲಿ ನಿನ್ನನ್ನು ಹಿಂದೆ ಕೂರಿಸಿಕೊಂಡು ಶೆಟಗೇರಿಗೆ ಹೋಗುವವಳೂ ನಾನೇ. ಇಳಿಜಾರು ಬಂದಾಗ ನಿನ್ನ ಬಲಗೈ ನನ್ನ ಭುಜವನ್ನು ಹಿಡಿಯುತ್ತದೆ, ಸಡಿಲವಾಗುತ್ತದೆ, ಮತ್ತೆ ಹಿಡಿಯುತ್ತದೆ. “ನಿನ್ನ ಕೈ ಹಗುರ ನಮೂ, ನಂದು ಭಾರ” ಎಂದು ಒಮ್ಮೆ ಹೇಳಿದೆ. ಆವತ್ತೂ ನಾನು ಸುಮ್ಮನೆ ಗಾಡಿ ಓಡಿಸಿದೆ. ಹಣ್ಣಿನ ಚೀಲ ನಿನ್ನ ಮಡಿಲಲ್ಲಿತ್ತು.

ನನಗೆ ಕ್ಷಮೆ ಬೇಕೆಂದು ಇದನ್ನು ಬರೆದಿಲ್ಲ. ಬರೆದು ನಿನ್ನ ಕೈಗೆ ತುರುಕಿ ಓಡಿಹೋಗುವುದೂ ಇಲ್ಲ. ನಾಳೆ ಬೆಳಿಗ್ಗೆ ಎಲ್ಲರೂ ಚಹಾಕ್ಕೆ ಕೂತಾಗ ಅಣ್ಣನ ಎದುರಿಗೆ, ಆಯಿಯ ಎದುರಿಗೆ, ಅಂದು ನೀನು ಹೇಳಿದ ಮಾತನ್ನೇ ಹೇಳುತ್ತೇನೆ — ಅವಳು ಬಿಟ್ಟಿದ್ದಳು, ಅದು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದು ನನಗೆ ಗೊತ್ತು, ಅದನ್ನೂ ಹೇಳುತ್ತೇನೆ. ಆಮೇಲೆ ನೀನು ನನ್ನೊಡನೆ ಮಾತು ಬಿಟ್ಟರೆ ಬಿಡು. ಇನ್ನೆಂದೂ ನನ್ನ ಹಿಂದೆ ಕೂರದಿದ್ದರೂ ಸರಿ.

ಆದರೆ ಮಗಳು ಮತ್ತೆ ಕೇಳಿದರೆ, ನಿನಗೆ ಗಾಡಿ ಬರುತ್ತಿತ್ತು ಎಂದು ಹೇಳು.