ಬೆಳ್ಳಿಯ ಕಾಲು

ಪಕ್ಕದ ಮನೆಯ ಭಾವನಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಗಡಿಯಲ್ಲಿ ನೆಲಬಾಂಬು ಸಿಡಿದು ಹೋದದ್ದು. ನನ್ನ ಗಂಡನೂ ಅವರೂ ಒಂದೇ ಕಾಲಕ್ಕೆ ಸೈನ್ಯ ಸೇರಿದವರು, ಅಂಕೋಲೆಯ ಹತ್ತಿರದ ಈ ಊರಿಗೆ ಹೆಚ್ಚುಕಮ್ಮಿ ಒಟ್ಟಿಗೇ ಮರಳಿದವರು. ನನ್ನ ಗಂಡನ ಮೈಮೇಲೆ ಒಂದು ಗೀರೂ ಇಲ್ಲ. ನನ್ನ ಹೊಟ್ಟೆಯುರಿಗೆ ಅದೇ ಕಾರಣ ಎಂದರೆ ಯಾರಾದರೂ ನಂಬುತ್ತಾರೆಯೇ?

ಭಾವನನ್ನು ನೋಡಲು ಜನ ಬರುತ್ತಾರೆ. ಶಾಲೆಯವರು ಕರೆದು ಶಾಲು ಹೊದಿಸುತ್ತಾರೆ. ಮೀನು ಮಾರುವವಳು ಸಹ ದೊಡ್ಡ ಬಂಗಡೆಗಳನ್ನು ಅವರ ಮನೆಗೆಂದು ಎತ್ತಿಟ್ಟಿರುತ್ತಾಳೆ, ನಮಗೆ ಬುಟ್ಟಿಯ ತಳದ್ದು. ಪುಣೆಯಿಂದ ಹೊಸ ಕಾಲು ಬಂತು, ಅದರಲ್ಲಿ ನಡೆಯಲು ಕಲಿಸುವುದಕ್ಕೂ ಒಬ್ಬರು ಬಂದರು. ನಮ್ಮಲ್ಲಿಗೆ ಯಾರು ಬರಬೇಕು? ಹೆದ್ದಾರಿಗಾಗಿ ಗುಡ್ಡ ಸಿಡಿಸುವ ಸದ್ದಾದರೆ ಸಾಕು, ನನ್ನ ಗಂಡ ಹತ್ತಿರ ಯಾರಿದ್ದರೂ ಅವರನ್ನು ನೆಲಕ್ಕೆ ಕೆಡವಿ ಮೇಲೆ ಬೀಳುತ್ತಾರೆ. ಒಮ್ಮೆ ಅನ್ನ ಬಸಿಯುತ್ತಿದ್ದ ನನ್ನನ್ನೇ ಕೆಡವಿದರು, ಕೈಮೇಲೆ ಗಂಜಿ ಚೆಲ್ಲಿತು. ಸುಟ್ಟ ಕಲೆ ನೋಡಿದ ಊರವರು ಗಂಡ ಕುಡಿಯುತ್ತಾನೆ ಅಂದುಕೊಂಡರು. ಅವರು ಕುಡಿಯುವುದಿಲ್ಲ. ಮಲಗುವುದೂ ಇಲ್ಲ, ಗೋಡೆಗೆ ಬೆನ್ನು ಕೊಟ್ಟು ಬಾಗಿಲು ನೋಡುತ್ತ ಕೂರುತ್ತಾರೆ.

ಕಾರವಾರದ ದವಾಖಾನೆಗೆ ಕರೆದುಕೊಂಡು ಹೋದೆ. ಬಿಣಗಾ ಘಟ್ಟ ದಾಟುವವರೆಗೂ ಅವರು ಬಸ್ಸಿನ ಕಿಟಕಿಯ ಸರಳು ಬಿಟ್ಟಿರಲಿಲ್ಲ. ಡಾಕ್ಟರು ಬಿಪಿ ನೋಡಿದರು, ಸಕ್ಕರೆ ನೋಡಿದರು.

"ಎಲ್ಲಾ ಸರಿ ಅದೆ. ಮನಸ್ಸಿನ ಡಾಕ್ಟರು ಇಲ್ಲಿಲ್ಲ ಅಮ್ಮ, ಹುಬ್ಬಳ್ಳಿಗೆ ಹೋಗ್ಬೇಕು" ಎಂದು ನಿದ್ದೆ ಮಾತ್ರೆ ಕೊಟ್ಟರು.

ಹುಬ್ಬಳ್ಳಿಗೂ ಹೋದೆವು. ಅಲ್ಲಿಯ ಡಾಕ್ಟರು ಒಳ್ಳೆಯವರೇ, ಆದರೆ ಮುಂದಿನ ಸಲ ಹೋಗುವಷ್ಟರಲ್ಲಿ ಅವರಿಗೆ ವರ್ಗವಾಗಿತ್ತು. ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಿತ್ತು. ನನ್ನ ಗಂಡ ಕುರ್ಚಿಯಿಂದ ಎದ್ದು ಹೊರಗೆ ನಡೆದರು.

ಭಾವ ಹೊಸ ಕಾಲಿನಲ್ಲಿ ದೇವಸ್ಥಾನದವರೆಗೆ ನಡೆದರೆ ದೇವಿಗೆ ಬೆಳ್ಳಿಯ ಕಾಲು ಒಪ್ಪಿಸುತ್ತೇನೆಂದು ಅವರ ಹೆಂಡತಿ ಹರಕೆ ಹೊತ್ತಿದ್ದಳು. ಅವಳನ್ನು ನಾನು ಅಕ್ಕ ಎನ್ನುತ್ತೇನೆ. ಅಂಕೋಲೆ ಪೇಟೆಯ ಅಕ್ಕಸಾಲಿಗನಲ್ಲಿಗೆ ನನ್ನನ್ನೂ ಜೊತೆಗೆ ಕರೆದೊಯ್ದಳು. ಅವನು ಡಬ್ಬಿ ತೆರೆದ. ಕಾಲು, ಕೈ, ಕಣ್ಣು, ಹೊಟ್ಟೆ, ಹರಕೆಗೆ ಬೇಕಾದ್ದೆಲ್ಲ ಬೆಳ್ಳಿಯ ತಗಡಿನಲ್ಲಿತ್ತು.

"ನಿದ್ದೆ ಇಲ್ದವ್ರಿಗೆ ಎಂತ ಕೊಡೂದು?" ಎಂದೆ.

"ನಿದ್ದೆಗೆ ರೂಪ ಎಲ್ಲಿಂದ ತರೂದು ತಂಗಿ?" ಎಂದು ಅವನು ನಕ್ಕ.

ಅಕ್ಕ ಆ ಬೆಳ್ಳಿಯ ಕಾಲನ್ನು ಸೆರಗಿನಿಂದ ಒರೆಸಿ ಒರೆಸಿ ನೋಡುತ್ತಿದ್ದಳು. ನನಗೆ ಅದನ್ನು ಕಿತ್ತುಕೊಳ್ಳಬೇಕೆನ್ನಿಸಿತು.

ಹರಕೆಯ ದಿನ ಭಾವ ನಿಧಾನವಾಗಿ ನಡೆದರು, ನನ್ನ ಗಂಡ ಅವರ ಪಕ್ಕದಲ್ಲೇ ಇದ್ದರು. ಅಕ್ಕ ಬೆಳ್ಳಿಯ ಕಾಲನ್ನು ಭಟ್ಟರಿಗೆ ಕೊಟ್ಟಳು. ಎಲ್ಲರೂ ಕೈಮುಗಿದೆವು. ಎಂದೂ ಇಲ್ಲದೆ ನನ್ನ ಗಂಡನೂ ಕಣ್ಣು ಮುಚ್ಚಿದ್ದರು. ಆಗಲೇ ಗುಡ್ಡ ಸಿಡಿಯಿತು. ಅವರು ಭಾವನನ್ನು ಕೆಡವಿ ಮೇಲೆ ಬಿದ್ದರು. ಪುಣೆಯ ಕಾಲು ಕಳಚಿ ಮೆಟ್ಟಿಲಿನವರೆಗೆ ಜಾರಿತು.

"ಇವಂಗೆ ತಲೆ ಸಮ ಇಲ್ಲ, ಎಳೀರಾ!" ಎಂದು ಯಾರೋ ಕೂಗಿದರು.

ಅಡಿಯಲ್ಲಿದ್ದ ಭಾವ ಮಾತ್ರ ಬೈಯಲಿಲ್ಲ. "ಆಯ್ತು ಮಾರಾಯಾ, ಆಯ್ತು" ಎಂದು ಬೆನ್ನು ತಟ್ಟುತ್ತಿದ್ದರು. ಭಾವನನ್ನು ಎತ್ತಲು ಅಲ್ಲಿದ್ದವರೆಲ್ಲ ಓಡಿದರು. ನೀರು ಕೊಟ್ಟರು, ಮಣ್ಣು ಕೊಡವಿದರು. ನನ್ನ ಗಂಡ ತಾವೇ ಎದ್ದು ಮನೆಯ ಕಡೆ ನಡೆದರು. ಆ ಹೊತ್ತಿನಲ್ಲೂ ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚೇ ಬಂತು.

ಮನೆ ತಲುಪಿದ ಮೇಲೆ ತಡೆಯಲಾಗಲಿಲ್ಲ. "ನಿಮ್ದೂ ಒಂದು ಕಾಲು ಹೋಗಿದ್ರೆ ಚಲೋ ಇತ್ತು" ಎಂದುಬಿಟ್ಟೆ.

ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

"ನಾನೂ ದೇವಿ ಹತ್ರ ಅದ್ನೇ ಕೇಳ್ತಾ ಇದ್ದೆ" ಎಂದರು. "ಅಷ್ಟೊತ್ತಿಗೆ ಸದ್ದಾಯ್ತು."