ಸೀರೆ ಹಾರಿಸುವ ದಂಡೆ

ಈ ಕತೆ ನಡೆದಾಗ ನನಗೆ ಅರವತ್ತೈದು. ಏಳು ವರ್ಷದ ಹಿಂದಿನ ಮಾತು. ಇವತ್ತು ಹೊಳೆದಂಡೆಯ ಮೇಲೆ ಕೌದಿ ಹಾಸಿ ಸುತ್ತ ಕಲ್ಲು ಇಡುತ್ತಿದ್ದೆ. ಪಕ್ಕದ ಮನೆಯ ಹೊಸ ಸೊಸೆ ಕೇಳಿದಳು: "ಆಯಿ, ಇಲ್ಲಿ ಅರಿವಿ ಎಷ್ಟ್ ಲಗೂನ ಒಣಗತಾವಲ್ರಿ! ಈ ಜಾಗ ಯಾರು ಹುಡುಕ್ಯಾರ?"

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬರವಣಿಗೆ ಸೊಟ್ಟಗಿದ್ದರೆ ನೀವೂ ಕುತ್ತಿಗೆ ಸೊಟ್ಟ ಮಾಡಿಕೊಂಡು ಓದಿ.

ನಮ್ಮೂರು ಸುರಪುರದ ಕಡೆಯದು, ಕೃಷ್ಣೆಯ ಹಿನ್ನೀರಿಗೆ ಹತ್ತಿಕೊಂಡಿದೆ. ಮನೆಯವರೆಲ್ಲ ಮೀನು ಹಿಡಿಯುವವರು. ಮೊಮ್ಮಗಳು ನೀಲವ್ವ ಮಾತ್ರ ಹೋಟೆಲ್ ಕೆಲಸಕ್ಕೆಂದು ಕಾರವಾರಕ್ಕೆ ಹೋದಳು. ಅಲ್ಲಿ ಹಲಗೆಗೆ ಹಾಯಿಪಟ ಕಟ್ಟಿ, ಅದರ ಮೇಲೆ ನಿಂತುಕೊಂಡೇ ಸಮುದ್ರದಲ್ಲಿ ಗಾಳಿ ಹಿಡಿದು ಓಡುವುದನ್ನು ಕಲಿತಳು. ಆಮೇಲೆ ಅದನ್ನು ಬೇರೆಯವರಿಗೆ ಕಲಿಸುವ ಕೆಲಸವೇ ಸಿಕ್ಕಿತು. ಅವಳಪ್ಪ, ನನ್ನ ಮಗ ಮಾನಪ್ಪ, ಕೇಳಿದವನೇ ಬೇಡ ಅಂದ. ಅವಳು ಬಿಡುವವಳೇ? ಕಣ್ಣಿಗೇ ತೋರಿಸುತ್ತೇನೆಂದು ಹಲಗೆ, ಪಟ ಸಮೇತ ಊರಿಗೆ ಬಂದಳು. ಶಹಾಪುರದಿಂದ ಟಂಟಂ ಮೇಲೆ, ಬಿಳಿ ಬಟ್ಟೆ ಸುತ್ತಿ, ಹಗ್ಗ ಬಿಗಿದು ತಂದದ್ದನ್ನು ನೋಡಿ ಅಗಸಿಕಟ್ಟೆಯ ಮೇಲಿದ್ದವರು ಎದ್ದು ನಿಂತು ಟೋಪಿ ತೆಗೆದರಂತೆ.

"ಯಾರು ಹೋದ್ರವ್ವಾ?"

"ಯಾರೂ ಹೋಗಿಲ್ರಿ ಕಾಕಾ, ನಾನ ಬಂದೀನಿ."

ಮಾನಪ್ಪನ ಹೆದರಿಕೆ ಸುಳ್ಳಲ್ಲ. ಹರಗೋಲು ನಡೆಸುವವನಿಗೆ ಗಾಳಿಗಿಂತ ದೊಡ್ಡ ವೈರಿ ಇಲ್ಲ. ಒಮ್ಮೆ ಗಾಳಿ ಅವನ ಹರಗೋಲನ್ನು ಬುಗುರಿಯಂತೆ ತಿರುಗಿಸಿ ಆಚೆ ದಂಡೆಗೆ ಒಗೆದಿತ್ತು. ಹುಟ್ಟು ಹೆಗಲ ಮೇಲಿಟ್ಟುಕೊಂಡು ಬಸ್ಸು ಹತ್ತಿ ಮನೆಗೆ ಬಂದಿದ್ದ. ಕಂಡಕ್ಟರ್ ಹುಟ್ಟಿಗೂ ಅರ್ಧ ಟಿಕೆಟ್ ಹರಿದಿದ್ದ. ಅಂಥವನು ಮಗಳಿಗೆ ಕರಾರು ಹಾಕಿದ:

"ನೋಡವ್ವ, ಹೋದ ದಂಡಿಗೇ ಹೊಳ್ಳಿ ಬರಬೇಕು. ಬಂದ್ರ ಕಾರವಾರಕ್ಕ ಹೋಗು. ಗಾಳಿ ಎಳಕೊಂಡು ಹೋತಂದ್ರ, ಆ ಹಲಗಿ ಮ್ಯಾಲ ರೊಟ್ಟಿ ಬಡಕೋತ ಮನ್ಯಾಗ ಇರು."

"ಜಾಗ ನಾ ತೋರಸ್ತೀನಿ" ಅಂದೆ. ಹೊಳೆಯಲ್ಲೇ ಮುದುಕಿಯಾದವಳಿಗೆ ಗೊತ್ತಿಲ್ಲದ್ದು ಏನಿದೆ ಎಂಬ ಸೊಕ್ಕು. ಗುಡ್ಡದ ಮರೆಗೆ, ನಾವು ಹರಗೋಲು ಇಳಿಸುವಲ್ಲಿಗೆ ಕರೆದೊಯ್ದೆ. ಎಲೆ ಅಲುಗದ ಜಾಗ. ನೀರು ತಾಟಿನಲ್ಲಿಟ್ಟ ಎಣ್ಣೆಯ ಹಾಗೆ.

"ಆಯಿ, ಇಲ್ಲಿ ಗಾಳಿನ ಇಲ್ಲ..."

"ಇಲ್ಲಂತನ ಕರಕೊಂಡು ಬಂದೀನಿ. ಏರು."

ಏರಿದಳು. ಪಟ ಹಸಿ ಧೋತರದಂತೆ ಜೋತುಬಿತ್ತು. ಎಲ್ಲಿಂದಲೋ ಒಂದು ಎಮ್ಮೆ ಈಜಿಕೊಂಡು ಬಂದು, ಅವಳನ್ನು ಒಮ್ಮೆ ನೋಡಿ, ದಾಟಿ ಮುಂದೆ ಹೋಯಿತು. ಮಾನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ಈ ಎಮ್ಮಿನ್ನ ಕಳಸೂನು ಕಾರವಾರಕ್ಕ!"

ನೀಲವ್ವ ಅಳಲಿಲ್ಲ. ನನ್ನ ಪಕ್ಕ ಬಂದು ಕೂತಳು. "ನೀವು ಗಾಳಿಗೆ ಅಡಗತೀರಿ ಆಯಿ. ನನಗ ಗಾಳಿನ ಎತ್ತು. ಅದಿಲ್ಲಂದ್ರ ಬಂಡಿ ಹ್ಯಾಂಗ ಹೋಗ್ತದ?"

"ಎಂಥಾ ಗಾಳಿ ಬೇಕು, ಹೇಳಿ ಸಾಯಿ."

"ದಂಡಿಯಿಂದ ನೀರಿಗೆ ಬೀಸಿದ್ರ ಒಯ್ದು ಬಿಡ್ತದ. ನೀರಿಂದ ದಂಡಿಗೆ ಬೀಸಿದ್ರ ಹೋಗಾಕ ಬಿಡಂಗಿಲ್ಲ. ದಂಡಿಗುಂಟ ಬೀಸಬೇಕು. ತಳಕ್ಕ ಕಲ್ಲು, ಮೀನಿನ ಬಲಿ ಇರಬಾರದು. ಗಾಳಿ ಹೋಗೂ ಕಡಿ ಮೆತ್ತನ ದಂಡಿ ಇರಬೇಕು. ಕೈ ಸೋತ್ರ ಅಲ್ಲಿ ಹತ್ತಬೇಕಲ್ಲ."

ಆಗ ನನಗೆ ಸೀರೆ ನೆನಪಾಯಿತು. ಹಿನ್ನೀರು ನಿಂತ ಹೊಸದರಲ್ಲಿ ಗುಡ್ಡದ ಆಚೆ ಬೋಳು ದಂಡೆಯ ಮೇಲೆ ನನ್ನ ಇಳಕಲ್ ಸೀರೆ ಒಣಹಾಕಿ ಬೆನ್ನು ತಿರುಗಿಸಿದ್ದೆ, ಹಾರಿತು. ನೀರಿಗೂ ಬೀಳಲಿಲ್ಲ, ಹೊಲಕ್ಕೂ ಹೋಗಲಿಲ್ಲ. ದಂಡೆಗುಂಟ ಓಡಿ ಮುಂದಿನ ಮಳಲಿನ ಮೇಲೆ ಬಿತ್ತು. ನೀರಿನ ಅಂಚಿನಲ್ಲಿ ಬರಿಗಾಲಲ್ಲಿ ಬೆನ್ನಟ್ಟಿದ ನನಗೆ ಒಂದು ಹರಳೂ ಚುಚ್ಚಲಿಲ್ಲ. ಅತ್ತೆ ಬೈದು, ಆ ಹಾಳು ದಂಡೆಗೆ ನಮ್ಮ ಮನೆಯ ಹೆಂಗಸರು ಕಾಲಿಡಬಾರದೆಂದು ಕಟ್ಟು ಹಾಕಿದಳು. ಗಾಳಿಗೆ ಹೆದರಿ ಗಂಡಸರೂ ಅಲ್ಲಿ ಬಲೆ ಬಿಡುತ್ತಿರಲಿಲ್ಲ.

"ಏಳು" ಅಂದೆ.

ಅಲ್ಲಿ ನೀಲವ್ವ ಮೊದಲು ನೀರಿಗಿಳಿದು ಕಾಲಿನಿಂದ ತಳ ತಡವಿದಳು. ಒಣಹುಲ್ಲು ತೂರಿ ಅದು ಹೋದ ದಿಕ್ಕು ನೋಡಿದಳು. ಮಳಲಿನ ತನಕ ನಡೆದು ಬಂದಳು. ಆಮೇಲೆ ಹಲಗೆ ಏರಿ ಪಟ ಎತ್ತಿದಳು. ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು. ನೋಡನೋಡುತ್ತ ಹುಡುಗಿ ಕೊಕ್ಕರೆಯಷ್ಟಾದಳು.

ಮಾನಪ್ಪನ ನಗು ನಿಂತಿತು. ಚಪ್ಪಲಿ ಕಾಲಲ್ಲೇ ನೀರಿಗೆ ಇಳಿದ. "ತಿರುಗವ್ವ, ಸಾಕು, ತಿರುಗು" ಅನ್ನುತ್ತಿದ್ದ, ಅವಳಿಗೆ ಕೇಳುತ್ತದೇನೋ ಎಂಬಂತೆ. ಕೇಳುವುದುಂಟೇ? ಅಷ್ಟರಲ್ಲಿ ಪಟ ಮಲಗಿತು. ಹುಡುಗಿ ಕಾಣಲಿಲ್ಲ. ಇವನು ಸೊಂಟದ ಮಟ ನೀರಲ್ಲಿದ್ದ. ನಾನೂ ಎದ್ದು ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಹಲಗೆಯ ಮೇಲೆ ಒಂದು ಮೊಣಕಾಲು, ಇನ್ನೊಂದು ಮೊಣಕಾಲು. ಪಟ ಎದ್ದಿತು, ತಿರುಗಿತು. ಬಂದು ಅಪ್ಪನ ಹೊಟ್ಟೆಗೇ ಹಲಗೆ ತಾಗಿಸಿ ನಿಂತಳು.

"ಹೋದ ದಂಡಿಗೇ ಬಂದೀನಲ್ಲಪ್ಪ?"

ಅವನು ಬಾಗಿ ನೀರಿನಲ್ಲಿ ಕೈಯಾಡಿಸುತ್ತಿದ್ದ. "ನನ್ನ ಚಪ್ಪಲಿ ಹೋತು" ಅಂದ.

"ಅವಳದೇನು, ಹೇಳು" ಅಂದೆ ನಾನು.

"ಹೇಳೂದೇನದ? ಹೊಂಟಾಳ. ರೊಟ್ಟಿ ಬಡಿಯಾಕ ಬ್ಯಾರೆ ಹಲಗಿ ನೋಡಬೇ."

ಮರುದಿನ ಬೆಳಿಗ್ಗೆ ಟಂಟಂ ಬಂತು, ಅವಳು ಹೊರಟಳು. ಅಗಸಿತನಕ ಹೋಗಿ ಮೂಗು ಒರೆಸಿಕೊಳ್ಳುವ ಚಟ ನನಗಿಲ್ಲ. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಗಂಟು ಕಟ್ಟಿ, ಸತ್ತ ಅತ್ತೆಯ ಕಟ್ಟು ಮುರಿದು, ಆ ದಂಡೆಗೆ ಹೊತ್ತುಕೊಂಡು ಹೋದೆ. ಒಗೆದೆ, ಹಾಸಿದೆ, ಕಲ್ಲು ಹೇರಿದೆ. ಕೊನೆಗೆ ಉಳಿದದ್ದು ಆ ಹಳೆಯ ಇಳಕಲ್ ಸೀರೆ. ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿ, ಅದರ ಎರಡೂ ತುದಿ ಹಿಡಿದು, ಒಗೆಯುವ ಕಲ್ಲಿನ ಪಕ್ಕ ಕೈ ಅಗಲಿಸಿ ನಿಂತೆ. ಗಾಳಿ ನನ್ನನ್ನು ದಂಡೆಗುಂಟ ದರದರ ಎಳೆದುಕೊಂಡು ಹೋಯಿತು, ಮಳಲಿನ ತನಕ.

ಹೋದ ಕಲ್ಲಿಗೇ ಹೊಳ್ಳಿ ಬಂದೆ.